ಆರ್‌ಪಿಜಿ ಪಾತ್ರಕ್ಕೆ ಇತಿಹಾಸದ ವೀರ ಪರಂಪರೆ: ಆಯ್ಕೆಯಿಂದ ಆಟದ ಮೇಜಿನವರೆಗೆ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ (ಆರ್‌ಪಿಜಿ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳಗಳಿಂದ ಕಥೆ ನಡೆಸುವ ಆಟ) ಯೋಧನ ಪಾತ್ರ ಮಾಡುವವರು ಮತ್ತೆ ಮತ್ತೆ ಕೇಳುವುದು ಇದನ್ನೇ: “ನನ್ನ ಫೈಟರ್‌ಗೂ (ಯೋಧ ಪಾತ್ರ) ಪಕ್ಕದವರ ಫೈಟರ್‌ಗೂ ಹೆಸರು ಬಿಟ್ಟರೆ ವ್ಯತ್ಯಾಸವೇ ಕಾಣುತ್ತಿಲ್ಲ. ಸಮುರಾಯ್ ಬಗ್ಗೆಯೋ ವೈಕಿಂಗರ ಬಗ್ಗೆಯೋ ಓದಿದ್ದನ್ನು ಪಾತ್ರಕ್ಕೆ ತರುವುದು ಹೇಗೆ?” ಹೆಚ್ಚಿನವರು ಮೊದಲು ತರುವುದು ಒಂದು ಕತ್ತಿ, ಒಂದು ಶಿರಸ್ತ್ರಾಣ, ಎರಡು ಪರಭಾಷೆಯ ಪದ. ಎರಡನೇ ಸೆಷನ್ (ಒಂದು ಸಲ ಕೂತು ಆಡುವ ಆಟ) ಹೊತ್ತಿಗೆ ಆ ಬಣ್ಣ ಇಳಿದಿರುತ್ತದೆ. ಕತ್ತಿ ಕೆಲಸಕ್ಕೆ ಬರುವುದು ಹೊಡೆದಾಟದಲ್ಲಿ ಮಾತ್ರ. ಆಟದಲ್ಲಿ ಮಾತುಕತೆ, ಪ್ರಯಾಣ, ಚೌಕಾಸಿ, ತೀರ್ಮಾನಗಳೂ ಅಷ್ಟೇ ಇರುತ್ತವೆ. ಅಲ್ಲೆಲ್ಲ ಪಾತ್ರವನ್ನು ನಡೆಸುವುದು ಅದರ ಋಣ. ಈ ಯೋಧನಿಗೆ ಅನ್ನ ಹಾಕುವವರು ಯಾರು, ಅವನು ಯಾರಿಗೆ ಮಾತು ಕೊಟ್ಟಿದ್ದಾನೆ, ತಪ್ಪಿದರೆ ಏನು ಕಳೆದುಕೊಳ್ಳುತ್ತಾನೆ? ಇತಿಹಾಸದ ಯಾವುದೇ ವೀರ ಪರಂಪರೆಯನ್ನು ಕೆದಕಿದರೂ ಒಳಗೆ ಸಿಗುವುದು ಈ ಲೆಕ್ಕಾಚಾರವೇ. ಅದನ್ನು ಎತ್ತಿ ಕ್ಯಾರೆಕ್ಟರ್ ಶೀಟ್‌ಗೆ, ಅಂದರೆ ಪಾತ್ರದ ವಿವರ ಬರೆಯುವ ಹಾಳೆಗೆ, ಇಳಿಸುವ ಕ್ರಮ ಇಲ್ಲಿದೆ.

ಹೊಸಬರಿಗೆ ನಾಲ್ಕು ಪದಗಳ ಪರಿಚಯ. ಜಿಎಂ ಎಂದರೆ ಗೇಮ್ ಮಾಸ್ಟರ್, ಕಥೆಯ ಲೋಕವನ್ನು ನಡೆಸುವ ವ್ಯಕ್ತಿ. ಎನ್‌ಪಿಸಿ ಎಂದರೆ ಆಟಗಾರರ ಕೈಯಲ್ಲಿಲ್ಲದ, ಜಿಎಂ ಆಡಿಸುವ ಪಾತ್ರ. ಪಾರ್ಟಿ ಎಂದರೆ ಆಟಗಾರರ ಪಾತ್ರಗಳ ಗುಂಪು. ಸೆಷನ್ ಜೀರೋ ಎಂದರೆ ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಲೋಕ, ಪಾತ್ರ, ಬೇಕು–ಬೇಡಗಳನ್ನು ಮಾತಾಡಿಕೊಳ್ಳುವ ಬೈಠಕ್.

ಏನೇನು ಬೇಕು

ನೀವು ಆಡುವ ಆಟದ ನಿಯಮ ಪುಸ್ತಕ, ಖಾಲಿ ಕ್ಯಾರೆಕ್ಟರ್ ಶೀಟ್, ಒಂದು ಹಾಳೆ, ಪೆನ್ಸಿಲ್. ಓದಲು ಎರಡು ಬಗೆಯ ಸಾಮಗ್ರಿ ಬೇಕು. ಒಂದು, ಆ ಪರಂಪರೆಯ ಬಗ್ಗೆ ಇತಿಹಾಸಕಾರರು ಬರೆದ ಯಾವುದಾದರೂ ಒಂದು ಪುಸ್ತಕ ಅಥವಾ ದೀರ್ಘ ಲೇಖನ. ಇನ್ನೊಂದು, ಆ ಕಾಲದ್ದೇ ಆದ ಒಂದು ದಾಖಲೆ: ಶಾಸನ, ಪತ್ರ, ಸಂಬಳದ ಪಟ್ಟಿ, ಪ್ರತಿಜ್ಞೆಯ ಪಾಠ, ಏನಾದರೂ ಸರಿ. ಸಿನಿಮಾ, ವಿಡಿಯೋ ಗೇಮ್‌ಗಳನ್ನು ಉತ್ಸಾಹಕ್ಕೆ ಇಟ್ಟುಕೊಳ್ಳಿ, ವಿವರಕ್ಕೆ ಬೇಡ. ಒಂದು ಸಂಜೆ ಓದು, ಇನ್ನೊಂದು ಸಂಜೆ ಬರವಣಿಗೆ ಸಾಕು. ಅದಕ್ಕಿಂತ ಹೆಚ್ಚು ಓದಿದರೆ ಪಾತ್ರದ ಬದಲು ಪ್ರಬಂಧ ತಯಾರಾಗುತ್ತದೆ.

ಹಂತ 1: ಪರಂಪರೆಯನ್ನು ಐವತ್ತು ವರ್ಷಕ್ಕೆ ಕತ್ತರಿಸಿ

“ನನ್ನ ಪಾತ್ರ ಸಮುರಾಯ್” ಎಂದರೆ ಇನ್ನೂ ಏನೂ ಹೇಳಿದಂತಾಗಲಿಲ್ಲ. ಸಮುರಾಯ್ ಎಂಬ ವರ್ಗ ಏಳು ಶತಮಾನಕ್ಕೂ ಹೆಚ್ಚು ಕಾಲ ಬಾಳಿತು, ಅಷ್ಟೂ ಕಾಲ ಒಂದೇ ಥರ ಇರಲಿಲ್ಲ. ಮೊದಲ ಶತಮಾನಗಳ ಸಮುರಾಯ್ ಕುದುರೆ ಏರಿದ ಬಿಲ್ಲುಗಾರ. ಅವರು ತಮ್ಮ ವೃತ್ತಿಯನ್ನೇ ‘ಬಿಲ್ಲು–ಕುದುರೆಯ ದಾರಿ’ ಎಂದು ಕರೆದುಕೊಳ್ಳುತ್ತಿದ್ದರು. 1550ರ ಹೊತ್ತಿನವನು ಈಟಿ ಹಿಡಿದು, 1543ರಲ್ಲಿ ಬಂದಿಳಿದ ಪೋರ್ಚುಗೀಸ್ ಬಂದೂಕಿನ ಜೊತೆ ಹೊಂದಿಕೊಳ್ಳುತ್ತಾ, ಲಾಭ ಕಂಡರೆ ಒಡೆಯನನ್ನೂ ಬದಲಿಸುತ್ತಿದ್ದ. 1750ರವನು ಯುದ್ಧವನ್ನೇ ಕಂಡವನಲ್ಲ. ಕಚೇರಿಯಲ್ಲಿ ಲೆಕ್ಕ ಬರೆಯುತ್ತಾನೆ, ಅಕ್ಕಿಯ ಲೆಕ್ಕದಲ್ಲಿ ಸಂಬಳ ಪಡೆಯುತ್ತಾನೆ, ಕೆಳದರ್ಜೆಯವನಾದರೆ ಮನೆಯಲ್ಲಿ ಕೊಡೆ ಕಟ್ಟಿ ಮಾರಿ ಸಂಸಾರ ತೂಗಿಸುತ್ತಾನೆ. ನಿಷ್ಠೆಯ ಕುರಿತ ದೊಡ್ಡ ದೊಡ್ಡ ಮಾತುಗಳು ಬರವಣಿಗೆಗೆ ಇಳಿದದ್ದು ಹೆಚ್ಚಾಗಿ ಈ ಶಾಂತಿಕಾಲದಲ್ಲೇ. ಮೂವರೂ ಒಳ್ಳೆಯ ಪಾತ್ರಗಳು, ಆದರೆ ಒಂದೇ ಮೈಯಲ್ಲಿ ಮೂವರನ್ನೂ ತುಂಬಿದರೆ ಯಾರೂ ಉಳಿಯುವುದಿಲ್ಲ.

ಆದ್ದರಿಂದ ಹಾಳೆಯ ತಲೆಗೆ ಒಂದೇ ಸಾಲು ಬರೆಯಿರಿ: ಎಲ್ಲಿ, ಯಾವ ಐವತ್ತು ವರ್ಷ, ಯಾವ ದರ್ಜೆ. “1500ರಿಂದ 1550ರ ಜರ್ಮನ್ ಬಾಡಿಗೆ ಸೈನಿಕ, ಎರಡು ಪಟ್ಟು ಸಂಬಳದವನು” ಎಂಬಷ್ಟು ಖಚಿತವಾಗಿರಲಿ. ನಿಮ್ಮ ಆಟ ನಡೆಯುವುದು ಕಲ್ಪಿತ ಲೋಕದಲ್ಲಾದರೂ ಈ ಸಾಲು ಬೇಕು. ಹೆಸರು, ಊರು ಆಮೇಲೆ ಬದಲಾಗಬಹುದು. ವಿವರಗಳು ಮಾತ್ರ ಒಂದೇ ಕಡೆಯಿಂದ ಬಂದಿರಬೇಕು.

ಎಡವುವ ಜಾಗ: ಜನಪ್ರಿಯ ಚಿತ್ರವನ್ನೇ ಇತಿಹಾಸ ಎಂದುಕೊಳ್ಳುವುದು. ಕೊಂಬಿನ ಶಿರಸ್ತ್ರಾಣದ ವೈಕಿಂಗ್ 19ನೇ ಶತಮಾನದ ರಂಗವೇಷದ ಕೊಡುಗೆ. ವೈಕಿಂಗರ ಕಾಲದಲ್ಲಿ ಕತ್ತಿ ದುಬಾರಿ ವಸ್ತು. ಸಾಮಾನ್ಯನ ಕೈಯಲ್ಲಿದ್ದದ್ದು ಈಟಿ, ಗುರಾಣಿ, ಕೊಡಲಿ.

ಹಂತ 2: ಐದು ಪ್ರಶ್ನೆ ಕೇಳಿ

ಇಡೀ ಕೆಲಸದ ಹೊಟ್ಟೆ ಇದು. ಓದುವಾಗ ಕೆಳಗಿನ ಐದಕ್ಕೆ ಉತ್ತರ ಹುಡುಕಿ, ಒಂದೊಂದಕ್ಕೂ ಎರಡೇ ಸಾಲು ಬರೆಯಿರಿ.

ಒಂದು: ಊಟ ಎಲ್ಲಿಂದ? ಪ್ರಾಚೀನ ಗ್ರೀಸಿನ ಸ್ಪಾರ್ಟಾದ ಪೌರ ತನ್ನ ಪಾಲಿನ ಜವೆ, ದ್ರಾಕ್ಷಾರಸ, ಗಿಣ್ಣು, ಅಂಜೂರವನ್ನು ತಿಂಗಳು ತಿಂಗಳು ಸಾಮೂಹಿಕ ಭೋಜನಶಾಲೆಗೆ ಕೊಡಬೇಕಿತ್ತು. ಕೊಡಲಾಗದಿದ್ದರೆ ಪೂರ್ಣ ಪೌರತ್ವವೇ ಹೋಯಿತು. ರಣರಂಗದಲ್ಲಿ ಎದೆಗೊಟ್ಟು ನಿಂತವನು ಫಸಲು ಕೆಟ್ಟಿತೆಂದು ಸಮಾನರ ಸಾಲಿನಿಂದ ಹೊರಬೀಳಬಹುದಿತ್ತು. ಆ ಫಸಲು ಬೆಳೆಯುತ್ತಿದ್ದವರು ಹೆಲಟ್ ಎಂಬ ಜೀತದ ಜನ ಎಂಬುದನ್ನೂ ಹಾಳೆಯಲ್ಲಿ ಬರೆದುಕೊಳ್ಳಿ. ಅವರಲ್ಲೊಬ್ಬ ಎನ್‌ಪಿಸಿಯಾಗಿ ಎದುರಾದಾಗ ನಿಮ್ಮ ಪಾತ್ರ ಏನು ಮಾಡುತ್ತದೆ ಎಂಬುದು ಹತ್ತು ಹೊಡೆದಾಟಕ್ಕಿಂತ ಹೆಚ್ಚು ಹೇಳುತ್ತದೆ. ಜರ್ಮನ್ ಲಾಂಡ್ಸ್‌ಕ್ನೆಕ್ಟ್ ಬಾಡಿಗೆ ಸೈನಿಕನ ಲೆಕ್ಕ ಬೇರೆ. ತಿಂಗಳಿಗೆ 4 ಗುಲ್ಡೆನ್ ನಾಣ್ಯ, ಮುಂಚೂಣಿಯಲ್ಲಿ ನಿಲ್ಲುವವನಿಗೆ ಅದರ ಎರಡರಷ್ಟು, ಆಯುಧ ಅವನದೇ. ಸಂಬಳ ಬಾರದಿದ್ದರೆ ದಂಗೆ. 1527ರಲ್ಲಿ ರೋಮ್ ನಗರವನ್ನು ಕೊಳ್ಳೆ ಹೊಡೆದ ಪಡೆಯಲ್ಲಿ ಸಂಬಳ ಸಿಗದ ಇಂಥವರು ಸಾವಿರಾರು ಮಂದಿ ಇದ್ದರು.

ಎರಡು: ಮಾತು ಕೊಟ್ಟದ್ದು ಯಾರಿಗೆ? ವ್ಯಕ್ತಿಗೋ, ಪಡೆಗೋ, ದೇವರಿಗೋ, ಕರಾರು ಪತ್ರಕ್ಕೋ? ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿಗಳು ಉತ್ತರ ಯುರೋಪಿನ ವರಾಂಗಿಯನ್ ಯೋಧರನ್ನು ಅಂಗರಕ್ಷಕರಾಗಿ ಇಟ್ಟುಕೊಂಡದ್ದೇ ಅವರು ಪರದೇಶಿಗಳೆಂಬ ಕಾರಣಕ್ಕೆ. ರಾಜಧಾನಿಯ ಒಳಜಗಳಗಳಲ್ಲಿ ಅವರಿಗೆ ನೆಂಟರಿರಲಿಲ್ಲ. ಮಂಗೋಲರ ಸೈನ್ಯದಲ್ಲಿ ಹತ್ತರ ಗುಂಪು, ನೂರರದು, ಸಾವಿರದ್ದು, ಹತ್ತು ಸಾವಿರದ್ದು ಎಂಬ ಕಟ್ಟುನಿಟ್ಟಿನ ಜೋಡಣೆ. ಹತ್ತು ಮಂದಿಯಲ್ಲಿ ಕೆಲವರು ಓಡಿಹೋದರೆ ಉಳಿದವರಿಗೂ ಮರಣದಂಡನೆ ಎಂದು ಆ ಕಾಲದ ಯುರೋಪಿನ ರಾಯಭಾರಿಯೊಬ್ಬ ಬರೆದಿಟ್ಟಿದ್ದಾನೆ. ನಮ್ಮ ಹಳಗನ್ನಡ ಕಾವ್ಯ, ಶಾಸನಗಳೂ ನಿಷ್ಠೆಯಲ್ಲಿ ದರ್ಜೆ ಮಾಡುತ್ತವೆ: ಉಂಡ ಕೂಳಿನ ಋಣಕ್ಕೆ ಕಾದುವುದು ಜೋಳವಾಳಿ, ಒಡೆಯನೊಂದಿಗೆ ತಾನೂ ಸಾಯುವ ಪ್ರತಿಜ್ಞೆ ವೇಳೆವಾಳಿ. ನಿಮ್ಮ ಪಾತ್ರ ಇದರಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿದ್ದರೆ, ಜಿಎಂ ಆಮಿಷ ಒಡ್ಡಿದಾಗ ಉತ್ತರಕ್ಕೆ ತಡಕಾಡಬೇಕಿಲ್ಲ.

ಮೂರು: ಕಲಿಸಿದವರು ಯಾರು, ಜೊತೆಗೆ ಕಲಿತವರು ಯಾರು? ಈಜಿಪ್ಟಿನ ಮಾಮ್ಲೂಕರು 1250ರಿಂದ 1517ರವರೆಗೆ ಆಳಿದ ಗುಲಾಮ ಮೂಲದ ಸೈನಿಕರು. ಹುಡುಗನಾಗಿದ್ದಾಗ ದೂರದ ಹುಲ್ಲುಗಾವಲಿನಿಂದ ಕೊಂಡು ತಂದು, ಬ್ಯಾರಕ್‌ನಲ್ಲಿ ಕುದುರೆ, ಭರ್ಜಿ, ಬಿಲ್ಲು ಕಲಿಸಿ, ಕಲಿಕೆ ಮುಗಿದ ಮೇಲೆ ಬಿಡುಗಡೆ ಮಾಡಿ ಕುದುರೆ, ಆಯುಧ ಕೊಡುತ್ತಿದ್ದರು. ಒಬ್ಬನೇ ಒಡೆಯನಿಂದ ಬಿಡುಗಡೆಯಾದವರ ನಡುವಿನ ನಂಟಿಗೆ ರಕ್ತಸಂಬಂಧದ ತೂಕ. ಅವರ ಸ್ವಂತ ಮಕ್ಕಳಿಗೆ ಮಾತ್ರ ಸಾಮಾನ್ಯವಾಗಿ ಆ ಪದವಿ ಸಿಗುತ್ತಿರಲಿಲ್ಲ. ಆಟಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ: ಲೋಕದ ಯಾವ ಊರಿಗೆ ಹೋದರೂ ಅಲ್ಲೊಬ್ಬ ಬ್ಯಾರಕ್ ಸಹೋದರ ಇರಬಹುದು, ಎದುರು ಪಕ್ಷದಲ್ಲೂ ಇರಬಹುದು.

ನಾಲ್ಕು: ಹಿರಿಮೆಯನ್ನು ಅಳೆಯುವುದು ಯಾವುದರಿಂದ? ಎಲ್ಲ ಕಡೆ ಕೊಂದ ತಲೆಗಳ ಎಣಿಕೆಯಲ್ಲ. ಮೆಕ್ಸಿಕೊದ ಆಜ್ಟೆಕ್ ಯೋಧನಿಗೆ ಬೇಕಿದ್ದದ್ದು ಜೀವಂತ ಸೆರೆಯಾಳು. ಹುಡುಗನ ಹಿಂದಲೆಯಲ್ಲಿ ಬಿಟ್ಟ ಜುಟ್ಟನ್ನು ಮೊದಲ ಸೆರೆ ಹಿಡಿಯುವವರೆಗೆ ಕತ್ತರಿಸುವಂತಿಲ್ಲ. ವಯಸ್ಸಾದರೂ ಜುಟ್ಟು ಉಳಿದರೆ ಊರಿಗೆಲ್ಲ ಕಾಣುವ ನಾಚಿಕೆ. ನಾಲ್ಕು ಸೆರೆಯಾಳುಗಳಾದರೆ ಹಿರಿಯ ಯೋಧರ ಸಾಲಿಗೆ. ಪ್ರತಿ ದರ್ಜೆಗೂ ಬೇರೆ ಉಡುಪು. ಇಂಥ ಪಾತ್ರ ಶತ್ರುವನ್ನು ಕೊಲ್ಲದೆ ಬೀಳಿಸಲು ಯತ್ನಿಸುತ್ತದೆ, ಪಾರ್ಟಿಯ ಮಾಂತ್ರಿಕ ಅದೇ ಶತ್ರುವನ್ನು ಸುಟ್ಟು ಹಾಕಿದರೆ ನಿಜಕ್ಕೂ ಸಿಟ್ಟಾಗುತ್ತದೆ.

ಐದು: ಕೊನೆ ಹೇಗೆ? ಮುಪ್ಪು, ಸೋಲು, ಗಾಯ, ಸಾವು. ಸತ್ತವನ ಮನೆಯವರಿಗೆ ಏನು ಸಿಗುತ್ತದೆ? ಇದನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಹಂತ 7ರಲ್ಲಿ ಬೇಕಾಗುತ್ತದೆ, ಈಗಲೇ ಬರೆದಿಡಿ.

ಹಂತ 3: ಒಂದು ಕಟ್ಟು, ಒಂದು ಬಿರುಕು

ಐದು ಉತ್ತರಗಳಲ್ಲಿ ನಿಮಗೆ ಹೆಚ್ಚು ಕಚಗುಳಿ ಇಟ್ಟದ್ದು ಯಾವುದೋ ಅದನ್ನು ‘ಕಟ್ಟು’ ಮಾಡಿಕೊಳ್ಳಿ. ಅದೇ ಕಟ್ಟು ಎಲ್ಲಿ ಸಡಿಲಾಗಿದೆಯೋ ಅದು ‘ಬಿರುಕು’. ಬಿರುಕಿಲ್ಲದ ಪಾತ್ರ ಆಡಲು ಬರುವುದಿಲ್ಲ. ಒಡೆಯನ ಆಸ್ಥಾನದಲ್ಲಿ ಎಲ್ಲ ಸರಿಯಾಗಿದ್ದರೆ ನಿಷ್ಠಾವಂತ ಅಂಗರಕ್ಷಕ ಕಳ್ಳ, ಮಾಂತ್ರಿಕ, ಅಲೆಮಾರಿಗಳ ಜೊತೆ ಗುಹೆ ಹೊಕ್ಕುವುದೇಕೆ?

ಒಂದು ಉದಾಹರಣೆಯನ್ನು ಕೊನೆಯವರೆಗೂ ಎಳೆದುಕೊಂಡು ಹೋಗೋಣ: ಹೊಯ್ಸಳರ ಗರುಡ. ರಾಜನಿಗೆ ಪ್ರಾಣ ಮುಡಿಪಿಟ್ಟ ಅಂಗರಕ್ಷಕ ಪಡೆ ಇವರದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬಶಾಸನ, ಇಮ್ಮಡಿ ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಕಥೆ ಹೇಳುತ್ತದೆ. ಎಡಗಾಲಿಗೆ ಚಿನ್ನದ ತೊಡರು (ಕಾಲ್ಕಡಗ) ತೊಟ್ಟು ಪ್ರತಿಜ್ಞೆ ಮಾಡಿದ ಅವನು, 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ವೀರರೊಂದಿಗೆ ಪ್ರಾಣ ಕೊಟ್ಟ ಎಂದು ಶಾಸನದ ಮಾತು.

ಇದನ್ನು ಇದ್ದ ಹಾಗೇ ಪಾತ್ರ ಮಾಡಲು ಹೊರಟರೆ ಎರಡೇ ದಾರಿ. ಒಡೆಯ ಬದುಕಿದ್ದರೆ ಪಾತ್ರ ಅವನ ಪಕ್ಕ ಬಿಟ್ಟು ಕದಲುವಂತಿಲ್ಲ. ಸತ್ತಿದ್ದರೆ ಪಾತ್ರವೂ ಇಲ್ಲ. ಹಾಗಾಗಿ ಬಿರುಕು ಬೇಕು. ಮೂರು ಸಾಧ್ಯತೆ: ಒಡೆಯನೇ ಸಾಯುವ ಮುನ್ನ ಕೆಲಸವೊಂದನ್ನು ಒಪ್ಪಿಸಿ, ಅದು ಮುಗಿಯುವವರೆಗೆ ಬದುಕು ಎಂದು ಆಣೆ ಹಾಕಿದ್ದಾನೆ, ಅಥವಾ ಒಡೆಯನ ವಂಶಾವಳಿಯಲ್ಲಿ ಹೆಸರಿಲ್ಲದ ಮಗಳನ್ನು ಕಾಯುವ ಹೊಣೆ ಇವನದಾಗಿದೆ, ಇಲ್ಲವೇ ಕೊನೆಯ ಕ್ಷಣದಲ್ಲಿ ಕಾಲು ಹಿಂದೆ ಸರಿದಿದೆ. ಮೊದಲನೆಯದು ಸುಲಭ, ಜಿಎಂಗೆ ಅದರಲ್ಲೇ ಒಂದು ಕಥೆ ಸಿಗುತ್ತದೆ. ಎರಡನೆಯದಕ್ಕೆ ಆ ಮಗಳ ಪಾತ್ರವನ್ನು ಪಾರ್ಟಿಯಲ್ಲಿ ಇನ್ನೊಬ್ಬರು ಮಾಡಲು ಒಪ್ಪಿದರೆ ಸೊಗಸು. ಮೂರನೆಯದು ಎಲ್ಲಕ್ಕಿಂತ ಆಳ, ಎಲ್ಲಕ್ಕಿಂತ ಅಪಾಯ: ಆತ್ಮಾರ್ಪಣೆಯ ವಿಷಯ ಮೇಜಿನಲ್ಲಿರುವ ಯಾರನ್ನಾದರೂ ನೋಯಿಸಬಹುದು. ಸೆಷನ್ ಜೀರೋದಲ್ಲಿ ಬಾಯಿಬಿಟ್ಟು ಕೇಳಿ. ಒಬ್ಬರು ಬೇಡ ಎಂದರೂ ಕಾರಣ ಕೇಳದೆ ಬಿಟ್ಟು, ಮೊದಲನೆಯದನ್ನು ಎತ್ತಿಕೊಳ್ಳಿ. ಈ ಲೇಖನದಲ್ಲೂ ಮುಂದಕ್ಕೆ ಮೊದಲನೆಯದನ್ನೇ ಹಿಡಿದಿದ್ದೇವೆ.

ಹಂತ 4: ಮೈ ಮತ್ತು ಆಯುಧ

ಇಷ್ಟಾದ ಮೇಲೆ ಕತ್ತಿಗೆ ಬನ್ನಿ. ಮೊದಲು ತೂಕದ ಭ್ರಮೆ ಕಳೆಯಬೇಕು. ಮಧ್ಯಯುಗದ ಯುರೋಪಿನ ಉದ್ದಕತ್ತಿ ಒಂದೂವರೆ ಕಿಲೋ ಆಸುಪಾಸು, ಹತ್ತು ಕಿಲೋ ಅಲ್ಲ. ಪೂರ್ತಿ ಲೋಹದ ಹಲಗೆ ಕವಚ 20ರಿಂದ 25 ಕಿಲೋ. ಅದೂ ಮೈತುಂಬ ಹಂಚಿಕೆಯಾಗುವುದರಿಂದ ತೊಟ್ಟವನು ಓಡಬಲ್ಲ, ಬಿದ್ದರೆ ತಾನೇ ಏಳಬಲ್ಲ. ಕವಚದ ನಿಜವಾದ ಕಷ್ಟ ಸೆಕೆ, ಉಸಿರು, ಕಿರಿದಾದ ನೋಟ. “ಕವಚ ಭಾರವಾಗಿದೆ” ಎನ್ನುವ ಬದಲು “ಶಿರಸ್ತ್ರಾಣದ ಮುಚ್ಚಳ ಎತ್ತದೆ ಎಡಗಡೆ ಯಾರಿದ್ದಾರೆಂದು ಕಾಣುತ್ತಿಲ್ಲ” ಎನ್ನಿ. ಕೂಡಲೇ ಮೇಜಿನಲ್ಲಿ ಒಂದು ತೀರ್ಮಾನ ಎದುರಾಗುತ್ತದೆ.

ಆಯುಧ ಮೈಯನ್ನು ತಿದ್ದುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಉದ್ದಬಿಲ್ಲುಗಳನ್ನು ಪೂರ್ತಿ ಎಳೆಯಲು ಸುಮಾರು 45ರಿಂದ 80 ಕಿಲೋ ಬಲ ಬೇಕು. ಅಲ್ಲೇ ಸಿಕ್ಕ ಕೆಲವು ಅಸ್ಥಿಪಂಜರಗಳ ಭುಜದ ಮೂಳೆಯಲ್ಲಿ ಎಳೆವಯಸ್ಸಿನಿಂದ ಬಿಲ್ಲೆಳೆದವರಲ್ಲಿ ಆಗಬಹುದಾದ ಬದಲಾವಣೆ ಕಂಡಿದೆ. ನಿಮ್ಮ ಬಿಲ್ಲುಗಾರ್ತಿಯ ಒಂದು ಹೆಗಲು ಇನ್ನೊಂದಕ್ಕಿಂತ ದಪ್ಪ ಇರಲಿ; ವೇಷ ಮರೆಸಿಕೊಂಡಾಗ ಅದೇ ಅವಳನ್ನು ಹಿಡಿದುಕೊಡಲಿ.

ನಿತ್ಯದ ಆರೈಕೆಯನ್ನೂ ಒಂದು ಸಾಲು ಬರೆಯಿರಿ. ಸರಪಣಿ ಕವಚಕ್ಕೆ ತುಕ್ಕು ಹಿಡಿದರೆ ಮರಳು ತುಂಬಿದ ಪೀಪಾಯಿಯಲ್ಲಿ ಹಾಕಿ ಉರುಳಿಸುತ್ತಿದ್ದರು. ಕೊಂಬು, ಮರ, ಸ್ನಾಯು ಮೂರನ್ನೂ ಅಂಟಿನಿಂದ ಕೂಡಿಸಿದ ಹುಲ್ಲುಗಾವಲಿನ ಬಿಲ್ಲಿಗೆ ತೇವ ಶತ್ರು: ಅಂಟು ಬಿಟ್ಟರೆ ಬಿಲ್ಲೇ ಹೋಯಿತು, ಹೊಸದು ಮಾಡಲು ತಿಂಗಳುಗಟ್ಟಲೆ ಬೇಕು. ಮಳೆಗಾಲದ ಪ್ರಯಾಣದಲ್ಲಿ ಇಂಥ ಬಿಲ್ಲಿನವಳು ತಾನು ನೆನೆದರೂ ಬಿಲ್ಲನ್ನು ನೆನೆಸುವುದಿಲ್ಲ.

ಎಡವುವ ಜಾಗ: ವಿಚಿತ್ರ ಆಯುಧದ ಮೋಹ. ಕಳರಿಪಯಟ್ಟಿನ ಉರುಮಿ, ಅಂದರೆ ಬಳುಕುವ ತೆಳು ಕತ್ತಿ, ನೋಡಲು ರೋಮಾಂಚನ. ಆದರೆ ಕಳರಿಯಲ್ಲಿ ಮೊದಲು ಮೈಯ ಅಭ್ಯಾಸ, ಆಮೇಲೆ ಕೋಲು, ಆಮೇಲೆ ಲೋಹದ ಆಯುಧ. ಬೀಸಿದವನಿಗೇ ಗಾಯ ಮಾಡಬಲ್ಲ ಉರುಮಿ ಪಳಗಿದವರ ಕೈಗಷ್ಟೇ. ಒಂದನೇ ಲೆವೆಲ್‌ನ, ಅಂದರೆ ಆಗಷ್ಟೇ ಆಟ ಶುರುಮಾಡಿದ, ಪಾತ್ರದ ಸೊಂಟದಲ್ಲಿ ಉರುಮಿ ಇದ್ದರೆ ಅದು ಗುರುವಿನದಾಗಿರಲಿ, ಬಿಚ್ಚಲು ಇನ್ನೂ ಅಪ್ಪಣೆ ಸಿಕ್ಕಿಲ್ಲದಿರಲಿ.

ಹಂತ 5: ನಿಯಮಕ್ಕೆ ಇಳಿಸುವುದು

ಇಲ್ಲಿ ಒಂದೇ ಸೂತ್ರ: ಹೊಸ ನಿಯಮ ಬರೆಯಬೇಡಿ, ಇರುವುದರಲ್ಲೇ ಆಯ್ದುಕೊಳ್ಳಿ. “ನಮ್ಮ ಪರಂಪರೆಯವರು ಮಹಾಶೂರರು, ಅದಕ್ಕೆ ದಾಳದ ಎಸೆತಕ್ಕೆ ಪ್ಲಸ್ ಎರಡು ಕೊಡಿ” ಎಂದರೆ ಯಾವ ಜಿಎಂಗೂ ಹಿಡಿಸದು, ಹಿಡಿಸಲೂಬಾರದು. ಎಲ್ಲ ಪರಂಪರೆಯವರೂ ತಮ್ಮನ್ನು ಮಹಾಶೂರರೆಂದೇ ಹೇಳಿಕೊಂಡಿದ್ದಾರೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ ಬ್ಯಾಕ್‌ಗ್ರೌಂಡ್ ಎಂಬ ವಿಭಾಗವಿದೆ. ಅದು ಪಾತ್ರದ ಹಿಂದಿನ ಬದುಕು. ಎರಡು ಸ್ಕಿಲ್ (ಪಾತ್ರ ಪಳಗಿರುವ ಕೌಶಲ) ಕೊಡುತ್ತದೆ, ಜೊತೆಗೆ ಐಡಿಯಲ್, ಬಾಂಡ್, ಫ್ಲಾ ಎಂದು ಆದರ್ಶ, ಬಂಧ, ದೋಷ ಬರೆಯಲು ಜಾಗ ಕೊಡುತ್ತದೆ. ನಮ್ಮ ಗರುಡನಿಗೆ ಹೀಗೆ ತುಂಬಬಹುದು:

ಸ್ಕಿಲ್: ಪರ್ಸೆಪ್ಷನ್ (ಗಮನಿಸುವಿಕೆ) ಮತ್ತು ಇನ್‌ಸೈಟ್ (ಮನಸ್ಸು ಓದುವುದು). ಅಂಗರಕ್ಷಕನ ಕೆಲಸ ಮುಕ್ಕಾಲು ಪಾಲು ನೋಡುವುದು, ಯಾರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು. ಅಥ್ಲೆಟಿಕ್ಸ್ ಬೇಕಿದ್ದರೆ ಫೈಟರ್ ಕ್ಲಾಸ್‌ನ (ಪಾತ್ರದ ವೃತ್ತಿ) ಆಯ್ಕೆಯಲ್ಲಿ ಸಿಗುತ್ತದೆ.

ಫೈಟಿಂಗ್ ಸ್ಟೈಲ್ (ಫೈಟರ್ ಆಯ್ದುಕೊಳ್ಳುವ ಕಾದುವ ಶೈಲಿ): ಪ್ರೊಟೆಕ್ಷನ್. ಕೈಯಲ್ಲಿ ಗುರಾಣಿ ಇದ್ದು, ಐದು ಅಡಿಯೊಳಗಿನ ಸಂಗಾತಿಯ ಮೇಲೆ ಕಣ್ಣೆದುರೇ ಏಟು ಬೀಳುವಾಗ, ರಿಯಾಕ್ಷನ್ (ಬೇರೆಯವರ ಕ್ರಿಯೆಗೆ ತಕ್ಷಣ ಪ್ರತಿಕ್ರಿಯಿಸುವ ಅವಕಾಶ) ಖರ್ಚು ಮಾಡಿ ಎದುರಾಳಿಗೆ ಡಿಸ್‌ಅಡ್ವಾಂಟೇಜ್ ಹಾಕಬಹುದು. ಅಂದರೆ ಅವನು ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಎಸೆದು ಕಡಿಮೆಯದನ್ನು ಇಟ್ಟುಕೊಳ್ಳಬೇಕು. ಹೆಚ್ಚು ಹಾನಿ ಮಾಡುವ ಸ್ಟೈಲ್‌ಗಳು ಬೇರೆ ಇವೆ. ಗರುಡನಿಗೆ ಇದೇ ಸರಿ.

ಐಡಿಯಲ್: ಕೊಟ್ಟ ಮಾತು ಉಸಿರಿಗಿಂತ ದೊಡ್ಡದು.

ಬಾಂಡ್: ಒಡೆಯ ಒಪ್ಪಿಸಿದ ಕೆಲಸ ಮುಗಿಯುವವರೆಗೆ ಎಡಗಾಲಿನ ತೊಡರು ಕಳಚುವುದಿಲ್ಲ.

ಫ್ಲಾ: ಬದುಕಿರುವುದಕ್ಕೆ ನಾಚಿಕೆ, ‘ಒಡೆಯ ಎಲ್ಲಿ’ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳುತ್ತೇನೆ.

ಫ್ಲಾ ಬರೆದ ಬಗೆಯನ್ನು ಗಮನಿಸಿ. ‘ತುಂಬ ಹೆಮ್ಮೆಯವನು’ ಎಂದು ಬರೆದರೆ ಜಿಎಂ ಅದನ್ನು ಹಿಡಿದು ಏನೂ ಮಾಡಲಾಗದು. ಯಾವಾಗ, ಏನು ಮಾಡುತ್ತಾನೆ ಎಂದು ಬರೆದರೆ ಮಾತ್ರ ಅದು ಆಟದಲ್ಲಿ ಚಲಾವಣೆಗೆ ಬರುತ್ತದೆ. ಇಂಥ ದೋಷ ನಿಮಗೆ ತೊಂದರೆ ತಂದಾಗ ಜಿಎಂ ‘ಇನ್‌ಸ್ಪಿರೇಷನ್’ ಕೊಡಬಹುದು. ಮುಂದೆ ಒಂದು ಎಸೆತಕ್ಕೆ ಎರಡು ದಾಳ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳುವ ಅವಕಾಶ ಅದು. ಫೇಟ್ ಎಂಬ ಇನ್ನೊಂದು ಆರ್‌ಪಿಜಿ ಆಡುವವರಾದರೆ ಕೆಲಸ ಇನ್ನೂ ಸಲೀಸು: ಕಟ್ಟನ್ನು ಹೈ ಕಾನ್ಸೆಪ್ಟ್ (ಪಾತ್ರದ ಸಾರ ಹೇಳುವ ಸಾಲು) ಮಾಡಿ, ಬಿರುಕನ್ನು ಟ್ರಬಲ್ (ಅದನ್ನು ಕಾಡುವ ತೊಡಕು) ಮಾಡಿ. ಟ್ರಬಲ್ ಕೆಣಕಿದಾಗಲೆಲ್ಲ ಮುಂದೆ ಆಟದಲ್ಲಿ ಖರ್ಚು ಮಾಡಬಹುದಾದ ಫೇಟ್ ಪಾಯಿಂಟ್ ಕೈಸೇರುತ್ತದೆ.

ಆಜ್ಟೆಕ್ ಮಾದರಿಯ ಪಾತ್ರಕ್ಕೂ ಹೊಸ ನಿಯಮ ಬೇಡ. ಇದೇ 2014ರ ನಿಯಮಗಳಲ್ಲಿ ಕೈಯಳತೆಯ ಹೊಡೆತದಿಂದ ಶತ್ರುವಿನ ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಅಂಕ) ಸೊನ್ನೆಗಿಳಿದಾಗ, ಕೊಲ್ಲದೆ ಪ್ರಜ್ಞೆ ತಪ್ಪಿಸಿದ್ದೇನೆ ಎಂದು ಹೇಳುವ ಹಕ್ಕು ಹೊಡೆದವರಿಗಿದೆ. ಶೀಟಿನ ಅಂಚಿನಲ್ಲಿ ಸೆರೆಯಾಳುಗಳ ಗೀಟು ಹಾಕುತ್ತಾ ಹೋಗಿ.

ಹಂತ 6: ಜಿಎಂಗೆ ಅರ್ಧ ಪುಟ, ಅಷ್ಟೇ

ಹತ್ತು ಪುಟದ ಪೂರ್ವಕಥೆ ಕೊಟ್ಟರೆ ಜಿಎಂ ಓದುವುದು ಮೊದಲ ಪುಟ. ಕೊಡಬೇಕಾದ್ದು: ಹಂತ 1ರ ಒಂದು ಸಾಲು, ಕಟ್ಟು ಮತ್ತು ಬಿರುಕು, ಹೆಸರಿರುವ ಮೂರು ಎನ್‌ಪಿಸಿ, ತೀರದ ಒಂದು ಬಾಕಿ. ಮೂವರಲ್ಲಿ ಒಬ್ಬರು ಪಾತ್ರದ ಮೇಲೆ ಪ್ರೀತಿ ಇರುವವರು, ಒಬ್ಬರು ಪಾತ್ರದಿಂದ ಏನೋ ಬರಬೇಕಾದವರು, ಒಬ್ಬರು ಅದೇ ಪರಂಪರೆಯಲ್ಲಿ ಪಾತ್ರಕ್ಕಿಂತ ಮೇಲಿರುವವರು. ಎಲ್ಲರನ್ನೂ ಸಾಯಿಸಿ, ಊರು ಸುಟ್ಟು, ಒಂಟಿಯಾಗಿ ಹೊರಟ ಯೋಧ ಎಂಬ ಹಳೆಯ ಅಚ್ಚಿಗೆ ಬೀಳಬೇಡಿ. ಜಿಎಂ ಕೈಗೆ ಹಿಡಿಯಲು ಒಂದು ದಾರವೂ ಸಿಗುವುದಿಲ್ಲ. ವೀರ ಪರಂಪರೆಗಳೆಲ್ಲ ಗುಂಪಿನ ವಿಷಯ. ಅದರಿಂದ ಒಂಟಿತನವನ್ನಷ್ಟೇ ಎತ್ತಿಕೊಂಡರೆ ಬಂದದ್ದು ಬರೀ ಸಿಪ್ಪೆ.

ಸೆಷನ್ ಜೀರೋದಲ್ಲಿ ಇನ್ನೆರಡು ಮಾತು ಆಗಬೇಕು. ಗುಲಾಮಗಿರಿ, ನರಬಲಿ, ಜಾತಿ, ಲಿಂಗದ ನಿರ್ಬಂಧಗಳು ಈ ಪರಂಪರೆಗಳಲ್ಲಿ ಇದ್ದದ್ದೇ. ಮೇಜಿಗೆ ಯಾವುದನ್ನು ತರಬೇಕು, ಯಾವುದನ್ನು ಪರದೆಯ ಹಿಂದೆ ಇಡಬೇಕು ಎಂದು ಎಲ್ಲರೂ ಸೇರಿ ಗೆರೆ ಎಳೆಯಿರಿ. “ಆ ಕಾಲದಲ್ಲಿ ಹೆಂಗಸರು ಯುದ್ಧ ಮಾಡುತ್ತಿರಲಿಲ್ಲ” ಎಂದು ಯಾರಾದರೂ ತಕರಾರು ತೆಗೆದರೆ ಉತ್ತರ ಸಿದ್ಧವಿರಲಿ: ಪಶ್ಚಿಮ ಆಫ್ರಿಕಾದ ದಹೋಮಿ ರಾಜ್ಯದ ಹೆಣ್ಣುಪಡೆ 1890ರ ದಶಕದಲ್ಲಿ ಫ್ರೆಂಚರ ಎದುರು ನಿಂತಿತ್ತು, ಜಪಾನಿನ ಐಝುವಿನಲ್ಲಿ ನಾಕಾನೋ ತಾಕೆಕೋ 1868ರಲ್ಲಿ ನಾಗಿನಾತ (ಉದ್ದ ಹಿಡಿಯ ಬಾಗುಕತ್ತಿ) ಹಿಡಿದು ಹೋರಾಡಿ ಮಡಿದಳು. ಇನ್ನೊಂದು, ಇಂದಿಗೂ ಜೀವಂತವಾಗಿರುವ ಪರಂಪರೆಗಳು. ಸಿಖ್ಖರ ಯೋಧ ಪಂಥವಾದ ನಿಹಂಗರನ್ನು ಮಾದರಿ ಮಾಡಿಕೊಂಡರೆ ಅದು ಜನರ ನಂಬಿಕೆ, ವೇಷವಲ್ಲ. ರಚನೆಯನ್ನು ತೆಗೆದುಕೊಂಡು ಕಲ್ಪಿತ ಹೆಸರು ಕೊಡಿ, ಪವಿತ್ರ ಚಿಹ್ನೆ, ಪ್ರಾರ್ಥನೆಗಳನ್ನು ಆಟಕ್ಕೆ ಎಳೆಯಬೇಡಿ. ಉಚ್ಚಾರಣೆಯ ಅಣಕವಂತೂ ಬೇಡವೇ ಬೇಡ.

ಹಂತ 7: ಮೇಜಿನ ಮೇಲೆ

ಪ್ರತಿ ಸೆಷನ್‌ನಲ್ಲಿ ಒಂದು ಅಭ್ಯಾಸ ತೋರಿಸಿ, ವಿವರಣೆ ಕೊಡಬೇಡಿ. ಗರುಡ ಎಲ್ಲಿ ಕೂತರೂ ಬಾಗಿಲು ಕಾಣುವ ಹಾಗೆ ಕೂರುತ್ತಾನೆ, ಸಂಗಾತಿಗಿಂತ ಮೊದಲು ಊಟದ ರುಚಿ ನೋಡುತ್ತಾನೆ. ಯಾಕೆಂದು ಯಾರಾದರೂ ಕೇಳುವವರೆಗೆ ಕಾಯಿರಿ. ಪರಂಪರೆಯ ಬಗ್ಗೆ ಉಪನ್ಯಾಸ ಶುರುವಾದರೆ ಉಳಿದವರ ಕೈ ಫೋನಿನತ್ತ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೇಜುಗಳನ್ನು ಕೆಡಿಸಿರುವ ವಾಕ್ಯ: “ಏನ್ ಮಾಡ್ಲಿ, ನನ್ನ ಪಾತ್ರ ಇರೋದೇ ಹಾಗೆ.” ಪ್ರತಿಜ್ಞೆಯ ನೆಪದಲ್ಲಿ ಕಳ್ಳನ ಪಾತ್ರವನ್ನು ಕಾವಲುಗಾರರಿಗೆ ಹಿಡಿದುಕೊಟ್ಟರೆ ಅದು ನಿಷ್ಠೆಯಲ್ಲ, ಜೊತೆಯವರ ಸಂಜೆ ಹಾಳು ಮಾಡುವುದು. ಕಟ್ಟು ನಿಮ್ಮ ಪಾತ್ರವನ್ನು ಕಾಡಬೇಕು, ಇತರರ ಪಾತ್ರಗಳನ್ನಲ್ಲ. ಪರೀಕ್ಷೆ ಸರಳ: ಈ ಪ್ರತಿಜ್ಞೆಯಿಂದ ನಷ್ಟ ಯಾರಿಗೆ? ನಿಮಗಾದರೆ ಮುಂದುವರಿಯಿರಿ. ಬೇರೆಯವರಿಗಾದರೆ ಪಾತ್ರ ಹಲ್ಲು ಕಚ್ಚಿಕೊಂಡು ಸುಮ್ಮನಿರಲಿ, ಆ ಸುಮ್ಮನಿರುವುದನ್ನೇ ಅಭಿನಯಿಸಿ.

ಬಹುಮಾನದ ವಿಷಯದಲ್ಲಿ ಜಿಎಂಗಳಿಗೊಂದು ಮಾತು. ಚಿನ್ನದ ನಾಣ್ಯದ ಚೀಲ ಎಲ್ಲ ಆಟದಲ್ಲೂ ಇರುತ್ತದೆ. ಕ್ರಿ.ಶ. 949–50ರ ಆತಕೂರು ಶಾಸನ ನೋಡಿ: ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ರಾಷ್ಟ್ರಕೂಟ ಮೂರನೇ ಕೃಷ್ಣ, ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು; ಕಾಳಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ರಾಜ ‘ಕೇಳು’ ಎಂದಾಗ ಆಟಗಾರ ಏನು ಕೇಳುತ್ತಾನೆ ಎಂಬುದನ್ನು ಅವನಿಗೇ ಬಿಡಿ. ಅವನು ಕೇಳಿದ್ದಕ್ಕೆ ಹೆಸರು ಕೊಡಿ, ಮುಂದಿನ ಸೆಷನ್‌ಗಳಲ್ಲಿ ಅದು ಕಾಣಿಸಿಕೊಳ್ಳುತ್ತಿರಲಿ.

ಪಾತ್ರ ಸತ್ತರೆ? ಹಂತ 2ರ ಐದನೇ ಉತ್ತರ ತೆಗೆಯಿರಿ. ವೀರಗಲ್ಲಿನ ವಿನ್ಯಾಸವನ್ನು ಹಾಗೆಯೇ ಬಳಸಿಕೊಳ್ಳಬಹುದು. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿಯಲ್ಲಿ ಕೂತ ವೀರ. ಒಂದು ಹಾಳೆಯನ್ನು ಅಡ್ಡಕ್ಕೆ ಮೂರು ಭಾಗ ಮಾಡಿ. ಕೆಳಗಿನದರಲ್ಲಿ ಪಾತ್ರ ಹೇಗೆ ಬಿತ್ತು ಎಂದು ಜಿಎಂ ಎರಡು ಸಾಲು ಬರೆಯಲಿ. ನಡುವಿನದರಲ್ಲಿ ಜೊತೆಗಾರರು ಒಬ್ಬೊಬ್ಬರೂ ಒಂದೊಂದು ಸಾಲು ಬರೆಯಲಿ. ಮೇಲಿನದು ಆ ಪಾತ್ರ ಆಡಿದ ಆಟಗಾರರದೇ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ವೀರನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿ ಕೊಡುವ ರೂಢಿ ಶಾಸನಗಳಲ್ಲಿ ಕಾಣುತ್ತದೆ. ಅದೇ ಥರ ಸತ್ತ ಪಾತ್ರದ ಒಂದು ವಸ್ತುವನ್ನೋ ಹಕ್ಕನ್ನೋ ಆಟಗಾರರ ಮುಂದಿನ ಪಾತ್ರಕ್ಕೆ ದಾಟಿಸಿ. ಗರುಡನ ತೊಡರನ್ನು ತಮ್ಮನೋ ಮಗಳೋ ಹುಡುಕಿಕೊಂಡು ಬಂದರೆ ಹೊಸ ಪಾತ್ರ ಪಾರ್ಟಿಗೆ ಸೇರಲು ಬೇರೆ ನೆಪ ಬೇಕಾಗಿಲ್ಲ.

ಮೂರು ಸೆಷನ್ ಆದ ಮೇಲೆ ಶೀಟನ್ನು ಮತ್ತೆ ತೆಗೆದು ನೋಡಿ. ಅಷ್ಟರಲ್ಲಿ ಒಮ್ಮೆಯೂ ಎದುರಾಗದ ಕಟ್ಟು ನಿಮ್ಮ ಲೋಕಕ್ಕೆ ಹೊಂದುತ್ತಿಲ್ಲ ಎಂದರ್ಥ. ಜಿಎಂ ಜೊತೆ ಕೂತು ಅದನ್ನು ಹೊಡೆದುಹಾಕಿ, ಐದು ಉತ್ತರಗಳಲ್ಲಿ ಇನ್ನೊಂದನ್ನು ಆ ಜಾಗಕ್ಕೆ ಬರೆಯಿರಿ. ಪೆನ್ಸಿಲ್‌ನಲ್ಲೇ ಬರೆಯಿರಿ.